ತಡವಾಗಿ ಉದುರುವ ಬಾರಿ

ಅಣ್ಣಾಸಾಹೇಬ ಕೆಟ್ಟ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಟ್ಟವನಾಗಿದ್ದರೆ ಆ ಎಳ್ಳ ಅಮಾವಾಸ್ಯೆಯ ದಿನ ಇನ್ನೆರಡು ಹೋಳಿಗೆ ಹೆಚ್ಚಿಗೆ ಉಂಡು, ಗಿಡದ ನೆರಳಿಗೆ ಟವೆಲ್ಲು ಹಾಸಿ ಹಾಯಾಗಿ ಮಲಗುತ್ತಿದ್ದ.

ಗಲಗಲಿಯ ಹೊಳೆ ಬಿಟ್ಟು ಬೀಳಗಿಯ ಕಡೆ ಗುಡ್ಡ ಏರುವಲ್ಲಿ ಅವನ ಹೊಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಗಬ್ಬದ ಚಿಗರಿ ಜಿಂಕೆಯೊಂದು ಹಸಿವು ತಾಳಲಾರದೆ ಅವನ ಬಾವಿಯ ತನಕ ಇಳಿದು ಬಂತು. ಓಡಲು ತ್ರಾಣವಿಲ್ಲದ ಅದನ್ನು ಊರ ನಾಯಿಗಳು ಅವನ ಕಣ್ಣೆದುರೇ ಕೆಡವಿದವು. ಅವನು ಕಲ್ಲು ತೂರಿ ನಾಯಿಗಳನ್ನು ಓಡಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ದಿನ ಅವನು ರೊಟ್ಟಿ ಮುಟ್ಟಲಿಲ್ಲ. ಅದು ಖರೆ ಕರುಣೆ. ಅದರಲ್ಲಿ ಬೆರಕೆ ಇರಲಿಲ್ಲ.

ಸಾವಳಗಿಯಲ್ಲಿ ಅವನ ತಂಗಿಯ ಹಿತ್ತಲಲ್ಲಿ ಒಂದು ಬಾರಿಗಿಡವಿತ್ತು, ಬೋರೆಹಣ್ಣಿನ ಗಿಡ. ಉಳಿದ ಬಾರಿಹಣ್ಣೆಲ್ಲ ಸಂಕ್ರಮಣದ ಆಸುಪಾಸಿಗೆ ಉದುರಿ ಮುಗಿದರೆ, ಈ ಗಿಡಕ್ಕೆ ಅವಸರವೇ ಇಲ್ಲ. ಶಿವರಾತ್ರಿ ದಾಟಿದ ಮೇಲೆ ಒಂದೊಂದಾಗಿ ಹಣ್ಣು ಬಿಡಲು ಶುರುಮಾಡಿ, ಯುಗಾದಿ ಕಳೆದರೂ ಉದುರಿಸುತ್ತಲೇ ಇರುತ್ತಿತ್ತು. ತಂಗಿ ಅದನ್ನು ಮೈಗಳ್ಳ ಗಿಡ ಎಂದು ಬೈಯುತ್ತಿದ್ದಳು. ಗುಡ್ಡ ಒಣಗಿ ಬೋಳಾದಾಗ ಚಿಗರಿಗಳಿಗೆ ಬೇಕಾದದ್ದು ಇಂಥ ಮೈಗಳ್ಳನೇ ಎಂದು ಅಣ್ಣಾಸಾಹೇಬನಿಗೆ ಹೊಳೆಯಿತು. ಅದರ ಎಳೆ ಟೊಂಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, ಹೊಲದ ಮೇಲಂಚಿನಲ್ಲಿದ್ದ ಕಾಡುಬಾರಿಗಳಿಗೆ ಕಸಿ ಕಟ್ಟಿದ. ಪಕ್ಕದಲ್ಲೊಂದು ಕಲ್ಲಿನ ದೋಣಿ ಇಡಿಸಿ ನೀರು ತುಂಬಿಸಿದ. ಗಿಡಗಳು ಫಲಕ್ಕೆ ಬಂದ ಬೇಸಿಗೆಯಲ್ಲಿ ಚಿಗರಿಗಳೂ ಬಂದವು. ಮೊದಲು ಒಂದು ಜೋಡಿ, ಆಮೇಲೆ ಮರಿಗಳನ್ನು ಕಟ್ಟಿಕೊಂಡು ಇಡೀ ಹಿಂಡು.

ಬೆರಕೆ ಶುರುವಾದದ್ದು ಅಲ್ಲಿಂದ. ಸಂತೆಗೆ ಹೋದರೆ ಜನ ‘ಚಿಗರಿ ಸಾವಕಾರ’ ಎಂದು ಕರೆದು ಚಹಾ ಕುಡಿಸತೊಡಗಿದರು. ಮಠದ ಅಯ್ಯನವರು ಪುರಾಣದ ನಡುವೆ ಅವನ ಹೆಸರು ಹೇಳಿದರು. ಹೊಗಳಿಕೆ ಎಂಬುದು ಬೆಲ್ಲದ ಪಾಕ. ಒಮ್ಮೆ ಬೆರಳಿಗೆ ಹತ್ತಿದರೆ ನೆಕ್ಕದೆ ಇರುವವರು ಕಡಿಮೆ. ಯಾರು ಬಂದರೂ ಅಣ್ಣಾಸಾಹೇಬ ಅವರನ್ನು ಬದುವಿನ ತನಕ ಕರೆದೊಯ್ದು, “ನೋಡ್ರಿ, ನನ್ನ ಚಿಗರಿ” ಎನ್ನುತ್ತಿದ್ದ.

ಅವನ ಲೆಕ್ಕ ತಪ್ಪಿದ್ದು ಒಂದೇ ಕಡೆ. ಹಣ್ಣು ಮುಗಿದ ಮೇಲೆ, ಉಂಡವರು ಎದ್ದು ಹೋಗುವ ಹಾಗೆ ಚಿಗರಿಗಳೂ ಹೋಗುತ್ತವೆ ಎಂದುಕೊಂಡಿದ್ದ. ಅವು ಹೋಗಲಿಲ್ಲ. ನೀರಿತ್ತು, ನೆರಳಿತ್ತು, ನಾಯಿಗಳನ್ನು ಅವನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಮಳೆಗಾಲ ಕಳೆದು ಹಿಂಗಾರಿ ಬಿತ್ತನೆಯಾಗಿ ಕಡಲೆ ಚಿಗುರಿದಾಗ ಹಿಂಡು ಅಲ್ಲೇ ಇತ್ತು. ಅಣ್ಣಾಸಾಹೇಬ ತನ್ನ ಕಡಲೆಗೆ ಸುತ್ತಲೂ ಜಾಲಿಮುಳ್ಳಿನ ಬೇಲಿ ಬಡಿಸಿದ. ದಯೆ ಇದ್ದವರಿಗೂ ಅಷ್ಟು ಬುದ್ಧಿ ಇರುತ್ತದೆ. ಬೇಲಿ ಇಲ್ಲದ್ದು ಪಕ್ಕದ ಕರೆವ್ವನ ಹೊಲಕ್ಕೆ. ಗಂಡ ತೀರಿಕೊಂಡ ಮೇಲೆ ಆ ತುಂಡು ಹೊಲವನ್ನು ಅವಳು ಒಬ್ಬಳೇ ಮಾಡುತ್ತಿದ್ದಳು. ವರ್ಷದ ಅನ್ನ ಅದರಲ್ಲೇ ಹುಟ್ಟಬೇಕು.

ಕಾರ್ತಿಕದಲ್ಲಿ ಒಂದು ಮುಂಜಾನೆ ಅವಳು ಬಂದು ಅವನ ಮನೆಯ ಕಟ್ಟೆಯ ಕೆಳಗೆ ನಿಂತಳು.

“ಸಾವಕಾರ್ರ, ನಿಮ್ಮ ಚಿಗರಿ ನನ್ನ ಕಡಲಿ ತಿನ್ನಾಕತ್ತಾವ್ರಿ.”

“ನನ್ನ ಚಿಗರಿ ಅಂದ್ರ? ನಾ ಏನ್ ಅವನ್ನ ಹಗ್ಗಾ ಹಾಕಿ ಕಟ್ಟೇನೇನು? ಅವು ಶಿವನ ದನಾ, ಕರೆವ್ವ. ಕುಡಿ ಚೂಟಿದಷ್ಟೂ ಕಡಲಿ ಪೊದಿ ಕಟ್ಟತೈತಿ, ನಿನಗ ಗೊತ್ತಿಲ್ಲೇನು?”

ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆಯುವುದು ನಿಜ. ಪಲ್ಯಕ್ಕೆಂದು ಹೆಂಗಸರು ಬೆರಳಲ್ಲಿ ಚಿವುಟುವ ಮಾತು ಅದು. ಚಿಗರಿ ಬುಡದ ತನಕ ಕಚ್ಚುತ್ತದೆ. ಇದು ಅಣ್ಣಾಸಾಹೇಬನಿಗೆ ಗೊತ್ತಿತ್ತು. ಕರೆವ್ವನಿಗೆ ಗೊತ್ತಿದೆ ಎಂಬುದೂ ಗೊತ್ತಿತ್ತು. ಅವಳು ವಾದಿಸಲಿಲ್ಲ. ಮರುದಿನದಿಂದ ಎಣ್ಣೆಯ ಖಾಲಿ ಡಬ್ಬಿ ಹಿಡಿದು ಹೊಲದಲ್ಲಿ ನಿಂತು ಬಡಿಯತೊಡಗಿದಳು. ಹಿಂಡು ಬೆದರಿ ಗುಡ್ಡ ಹತ್ತಿತು.

ಆಗಲೇ ರಬಕವಿಯಿಂದ ಬೀಗ ಗಿರಿಮಲ್ಲಪ್ಪನ ಸುದ್ದಿ ಬಂತು. ಆತ ದೊಡ್ಡ ಸೀರೆ ವ್ಯಾಪಾರಿ, ಅಣ್ಣಾಸಾಹೇಬನ ಮಗಳನ್ನು ಸೊಸೆ ಮಾಡಿಕೊಂಡವನು. ಎಳ್ಳ ಅಮಾವಾಸ್ಯೆಗೆ ನಿಮ್ಮ ಹೊಲಕ್ಕೇ ಊಟಕ್ಕೆ ಬರುತ್ತೇವೆ, ಚಿಗರಿ ನೋಡಬೇಕು ಎಂದಿದ್ದ. ಅಣ್ಣಾಸಾಹೇಬ ಆವತ್ತೇ ಸಂಜೆ ಬದುವಿಗೆ ಹೋಗಿ ಕರೆವ್ವನಿಗೆ ಹೇಳಿದ, “ಅಮಾಸಿ ಮುಗಿಯೂತನಾ ಡಬ್ಬಿ ಬಡೀಬ್ಯಾಡ ಬೇ. ಬೀಗರು ಬರಾವ್ರದಾರ. ನಿನ್ನ ಲುಕ್ಸಾನ ನಾ ನೋಡಕೋತೇನಿ.”

ಕರೆವ್ವ ಡಬ್ಬಿ ಕೆಳಗಿಟ್ಟಳು. ದೊಡ್ಡವರ ಮಾತು.

ಮನೆಯಲ್ಲಿ ಹೆಂಡತಿ ಹಾಲವ್ವನ ಬಾಯಿ ಮಾತ್ರ ಕಟ್ಟಲಾಗಲಿಲ್ಲ. “ಯಾರದೋ ರೊಕ್ಕ, ಎಲ್ಲಮ್ಮನ ಜಾತ್ರಿ! ಕಡಲಿ ಆಕೀದು, ಪುಣ್ಯಾ ನಿಮ್ಮದು” ಎಂದಳು. ಅಣ್ಣಾಸಾಹೇಬ ರೇಗಿ ಹೊರಗೆ ನಡೆದ. ಮಾತು ಸುಳ್ಳಾಗಿದ್ದರೆ ನಕ್ಕುಬಿಡುತ್ತಿದ್ದ.

ಎಳ್ಳ ಅಮಾವಾಸ್ಯೆಯೆಂದರೆ ಬೆಳೆ ಹೊತ್ತ ಭೂಮಿ ಬಸುರಿ, ಅವಳಿಗೆ ಉಣ್ಣಿಸುವ ದಿನ. ಮಾಡಿದ ಅಡಿಗೆಯನ್ನೆಲ್ಲ ಕಲಸಿ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ನಿಂತ ಬೆಳೆಗೆ ಚೆಲ್ಲುತ್ತ ಹೋಗಬೇಕು. ಅದಕ್ಕೆ ಚರಗ ಎನ್ನುತ್ತಾರೆ. ಆಮೇಲೆ ಅಕ್ಕಪಕ್ಕದ ಹೊಲದವರನ್ನೆಲ್ಲ ಕರೆದು ಕೂಡಿ ಉಣ್ಣಬೇಕು. ಅಣ್ಣಾಸಾಹೇಬ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಮೊಣಕಾಲುದ್ದ ಬೆಳೆದ ಕಡಲೆಗೆ ಚರಗ ಚೆಲ್ಲಿ ಬಂದ. ಗಿರಿಮಲ್ಲಪ್ಪ ಬಾರಿಗಿಡಗಳ ಕಡೆಯೇ ನೋಡುತ್ತ ಕುಳಿತಿದ್ದ. ಹಿಂಡು ಅಲ್ಲೇ ಇತ್ತು, ಯಾವ ಭಯವೂ ಇಲ್ಲದೆ.

ಆಗ ಕರೆವ್ವ ಬುಟ್ಟಿ ಹೊತ್ತು ಬಂದಳು. ಅವಳ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಮೋಟು ಕಡ್ಡಿ ಬಿಟ್ಟರೆ ಬರೀ ಕರಿಮಣ್ಣು. ಅವಳು ಅದರ ನಡುವೆಯೇ ನಡೆದು, ಎಲ್ಲೂ ನಿಲ್ಲದೆ, ಬದು ದಾಟಿ ಬಾರಿಗಿಡಗಳ ಹತ್ತಿರ ಬಂದಳು. ಬುಟ್ಟಿ ಇಳಿಸಿ, “ಹುಲ್ಲುಲ್ಲಿಗೋ” ಎಂದು ಸಣ್ಣಗೆ ಕೂಗಿ, ಕಲಸಿದ ಅನ್ನವನ್ನು ಗಿಡಗಳ ಕೆಳಗೆ ಚೆಲ್ಲತೊಡಗಿದಳು. ಚಿಗರಿಗಳು ನಾಲ್ಕು ಹೆಜ್ಜೆ ಸರಿದು ನಿಂತವು.

ಅಣ್ಣಾಸಾಹೇಬ ತಟ್ಟನೆ ಎದ್ದ. ಧೋತರ ಎತ್ತಿ ಹಿಡಿದು ಓಡಿದ. “ಏನ್ ಬೇ ಇದು ಕರೆವ್ವ?” ಎಂದು ದನಿ ತಗ್ಗಿಸಿ ಕೇಳಿದ.

“ನನ್ನ ಕಡಲಿ ಪೀಕು ಇವುಗಳ ಹೊಟ್ಟ್ಯಾಗೈತ್ರಿ ಸಾವಕಾರ್ರ. ಚರಗಾ ಪೀಕಿಗೆ ಮುಟ್ಟಬೇಕಲ್ರೀ?”

ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ವಾಡಿಕೆ ತಪ್ಪಬಾರದು, ಅಷ್ಟೇ. ಅವಳು ಬೈದಿದ್ದರೆ ಅಣ್ಣಾಸಾಹೇಬ ತಿರುಗಿ ಬೈದು ಪಾರಾಗುತ್ತಿದ್ದ. ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಚಪ್ಪಲಿ ನೋಡಿಕೊಂಡ. ಅಷ್ಟರಲ್ಲಿ ಹಿಂದಿನಿಂದ ಗಿರಿಮಲ್ಲಪ್ಪ ಬಂದ. “ಭಲೇ ಬೀಗರ! ನಿಮ್ಮ ದಯಾ ನೋಡಿ ಊರ ಮಂದೀಗೂ ದಯಾ ಬಂದೈತಿ ನೋಡ್ರಿ. ಚಿಗರಿಗೂ ಚರಗಾ!”

ಆ ಕ್ಷಣದಲ್ಲಿ ಅಣ್ಣಾಸಾಹೇಬನ ತಲೆ ತಾನಾಗಿ ಹೂಂ ಎಂದು ಆಡಿತು. ಹೊಗಳಿಕೆಗೆ ಆಡಿ ಆಡಿ ರೂಢಿಯಾಗಿದ್ದ ತಲೆ. ಅದು ಆಡಿದ್ದನ್ನು ಕರೆವ್ವ ನೋಡಿದಳು. ನೆಲ ಬಿರಿದು ನುಂಗಬಾರದೇ ಎನ್ನಿಸಿತು ಅವನಿಗೆ.

ಊಟಕ್ಕೆ ಎಲ್ಲರೂ ಕುಳಿತರು. ಹಾಲವ್ವ ಕರೆವ್ವನ ಕೈಹಿಡಿದು ಕರೆತಂದು ಕೂರಿಸಿ ಬಡಿಸಿದಳು. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಬದನೆಕಾಯಿ, ಕಡಲೆ ಪಲ್ಯ. ಕರೆವ್ವ ಒಂದು ತುತ್ತು ಬಾಯಿಗಿಟ್ಟು ಹಾಲವ್ವನಿಗೆ ಹೇಳಿದಳು, “ಕಡಲಿ ಪಲ್ಯಾ ಛಲೋ ಆಗೇತಿ ಬಿಡ್ರೆವ್ವಾ. ನಮ್ಮನ್ಯಾಗ ಈ ವರ್ಷ ಮಾಡಲಿಲ್ಲ.”

“ಯಾಕವ್ವಾ ತಂಗಿ?” ಎಂದ ಗಿರಿಮಲ್ಲಪ್ಪ, ಸುಮ್ಮನೆ ಮಾತಿಗೆ. “ನಿಮ್ಮದೂ ಕಡಲಿ ಹೊಲಾನ ಅಲ್ಲೇನು?”

ಕರೆವ್ವ ಅಣ್ಣಾಸಾಹೇಬನ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ಅವನು ಸಾಯುವ ತನಕ ಮರೆಯಲಿಲ್ಲ. ಊಟಕ್ಕೆ ಬಂದ ಬೀಗರ ಮುಂದೆ ಒಬ್ಬ ಗಂಡಸಿನ ಮರ್ಯಾದೆ ಹೋಗಬಾರದು ಎಂಬ ಕನಿಕರ ಅದರಲ್ಲಿತ್ತು. ಅವಳು ಸೆರಗು ಸರಿಪಡಿಸಿಕೊಂಡು ತಲೆ ತಗ್ಗಿಸಿದಳು.

“ಈ ಸಲ ಬರಲಿಲ್ರಿ ಯಪ್ಪಾ. ಬೀಜಾನ ಜೊಳ್ಳಿದ್ದುವು.”

ಅಣ್ಣಾಸಾಹೇಬ ಎತ್ತಿದ ತುತ್ತನ್ನು ತಾಟಿಗೇ ಮರಳಿ ಇಟ್ಟ. ಚಿಗರಿಗೆ ದಯೆ ತೋರಿದವನಿಗೆ ಈ ಹೆಂಗಸು ದಯೆ ತೋರುತ್ತಿದ್ದಳು, ಅದೂ ತನ್ನ ಬೀಜಕ್ಕೆ ಕೆಟ್ಟ ಹೆಸರಿಟ್ಟು. ಅವನು ತಾಟು ಪಕ್ಕಕ್ಕೆ ಸರಿಸಿದ.

“ಬೀಜಾ ಛಲೋ ಇದ್ದುವು ಬೀಗರ” ಎಂದ. “ಪೀಕೂ ಛಲೋ ಬಂದಿತ್ತು. ಆಕಿ ಡಬ್ಬಿ ಬಡದು ಕಾಯತಿದ್ಳು. ಬಡೀಬ್ಯಾಡ ಅಂತ ಹೇಳಿದಾಂವ ನಾನು. ನೀವು ಚಿಗರಿ ನೋಡಾಕ ಬರತೀರಿ ಅಂತ.”