ಕಪಾಟಿನ ಬಾಗಿಲ ಮೇಲಿನ ಪಟ್ಟಿ

ದೊಡ್ಡ ಬಟ್ಟೆ ಅಂಗಡಿಯಲ್ಲಿ ನನ್ನದು ವಾಪಸ್ ಕೌಂಟರು. ಹೋದ ವಾರ ಹಲ್ಲು ಕಿರಿದು ಕೊಂಡದ್ದನ್ನು ಈ ವಾರ ಮುಖ ಗಂಟಿಕ್ಕಿಕೊಂಡು ತಂದು ಎಸೆಯುವವರನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಹಾಗೆ ಬಂದದ್ದರಲ್ಲಿ ಅರ್ಧದಷ್ಟು, ಮತ್ತೆ ಯಾರೂ ತೊಡದಂತೆ ಕತ್ತರಿ ಹಾಕಿಸಿಕೊಂಡು ಕಸಕ್ಕೆ ಹೋಗುತ್ತದೆ. ಕತ್ತರಿ ಹಾಕುವವನೂ ನಾನೇ. ಹೊಲಿದವರ ಶ್ರಮ ನೆನೆದು ಬೇಸರವಾಗುತ್ತದೆ.

ಅದಕ್ಕೇ ಮನೆಯಲ್ಲೊಂದು ಕಾನೂನು ಮಾಡಿದ್ದೆ. ಯಾರಿಗೆ ಏನು ಬೇಕಾದರೂ ಅಡುಗೆಮನೆಯ ಕಪಾಟಿಗೆ ಅಂಟಿಸಿದ ಹಾಳೆಯಲ್ಲಿ ತಾರೀಖು ಹಾಕಿ ಬರೆಯಬೇಕು. ತಿಂಗಳಾದ ಮೇಲೂ ಬೇಕೆನಿಸಿದರೆ ಕೊಳ್ಳುವುದು. ಮಗಳ ಮೂರನೇ ಸ್ಕೂಲ್ ಬ್ಯಾಗು, ಹೆಂಡತಿಯ ಜ್ಯೂಸ್ ಮಷೀನು ಹಾಗೇ ಪಟ್ಟಿಯಿಂದ ಉದುರಿಹೋಗಿದ್ದವು.

"ನಿಮ್ಮಪ್ಪನ ಹತ್ರ ಉಸಿರು ಬೇಕಂದ್ರೂ ತಿಂಗಳು ಕಾಯ್ಬೇಕು ಕಣೇ," ಎಂದು ಹೆಂಡತಿ ಮಗಳಿಗೆ ಹೇಳಿ ನಗುತ್ತಿದ್ದಳು. ನಾನು ಬೀಗುತ್ತಿದ್ದೆ.

ಮೂರನೇ ತಾರೀಖು ಅಮ್ಮ ಬರೆದಳು: ಚಪ್ಪಲಿ, ಸ್ವಲ್ಪ ದೊಡ್ಡದು.

"ಇರೋದು ಗಟ್ಟಿಮುಟ್ಟಾಗಿದೆಯಲ್ಲಮ್ಮ, ಹೋದ ವರ್ಷ ತಾನೆ ತಗೊಂಡಿದ್ದು?" ಎಂದೆ.

"ಆಯ್ತು ಬಿಡಪ್ಪ, ಕಾಯ್ತೀನಿ. ಕಾನೂನು ಎಲ್ಲರಿಗೂ ಒಂದೇ."

"ಅಜ್ಜಿಯನ್ನ ನೋಡಿ ಕಲಿ," ಎಂದು ಮಗಳಿಗೆ ಉಪದೇಶ ಬೇರೆ ಮಾಡಿದೆ. ಅಂದಿನಿಂದ ಅಮ್ಮ ಅಂಗಳಕ್ಕೂ ಬರಿಗಾಲಲ್ಲೇ ಇಳಿಯುತ್ತಿದ್ದಳು. ಸಂಜೆ ಬೀದಿಯ ತುದಿಯವರೆಗೆ ಹೋಗಿಬರುವುದನ್ನೂ ಬಿಟ್ಟಳು. ವಯಸ್ಸಾಯಿತು ಎಂದುಕೊಂಡೆ.

ಇಪ್ಪತ್ತಾರರ ಬೆಳಿಗ್ಗೆ ಉಸಿರು ಸಿಗದೆ ಗೋಡೆ ಹಿಡಿದು ಕೂತಳು. ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಪಾದವನ್ನು ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಹಾಗೇ ಉಳಿಯಿತು.

"ಹಾರ್ಟ್ ತುಂಬಾ ಸೋತಿದೆ. ಕಾಲು ಊದೋಕೆ ಶುರುವಾಗಿ ಎಷ್ಟು ದಿನ ಆಯ್ತು?"



"ಮೂರನೇ ತಾರೀಖಿಂದ," ಎಂದಳು ಮಗಳು ಮೆಲ್ಲಗೆ. "ಅವತ್ತೇ ಅಲ್ವಾ ಅಜ್ಜಿ ದೊಡ್ಡ ಚಪ್ಪಲಿ ಅಂತ ಬರೆದಿದ್ದು?"

"ಆಗಲೇ ಕರ್ಕೊಂಡು ಬರೋದಲ್ವೇನ್ರೀ," ಎಂದರು ಡಾಕ್ಟರು. ಅಮ್ಮ ಎರಡು ದಿನವೂ ಉಳಿಯಲಿಲ್ಲ.

ಬೇಕೋ ಬೇಡವೋ ಎಂದು ಅಳೆಯುವುದರಲ್ಲಿ ನಾನು ದೊಡ್ಡ ಪಂಡಿತ. ಯಾಕಮ್ಮಾ ಎಂದು ಒಂದು ಮಾತು ಕೇಳಿದ್ದರೆ ಅವಳು ಕಾಲು ತೋರಿಸುತ್ತಿದ್ದಳು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. 

ಅವಳು ಬರೆದು ತಿಂಗಳು ತುಂಬಿದ ದಿನ ಹೋಗಿ ಚಪ್ಪಲಿ ಕೊಂಡೆ, ಸ್ವಲ್ಪ ದೊಡ್ಡದು.

"ಆಗದಿದ್ರೆ ವಾಪಸ್ ತನ್ನಿ ಸಾರ್," ಎಂದ ಅಂಗಡಿಯವನು.

ತಂದು ಬಾಗಿಲ ಬಳಿ ಅವಳ ಹಳೆಯ ಜೋಡಿಯ ಪಕ್ಕ ಇಟ್ಟಿದ್ದೇನೆ. ಆ ಕಾನೂನು ಮಾಡಿದ ಮೇಲೆ ನಮ್ಮ ಮನೆಗೆ ಬಂದ ಬೇಡದ ವಸ್ತು ಅದೊಂದೇ.