ಗೋಡೆಯ ಮೇಲಿನ ಗುರುವಾರ

ಹಸಿರು ಚೌಕ, ಪಕ್ಕದಲ್ಲಿ ನೀಲಿ, ಮತ್ತೆ ಹಸಿರು, ಚರ್ಚಿನ ಹಿಂದಿನ ಸಭಾಂಗಣದ ಸುಣ್ಣದ ಗೋಡೆಯ ಮೇಲೆ ಇಡೀ ತಿಂಗಳಿನ ಕ್ಯಾಲೆಂಡರ್ ಪ್ರೊಜೆಕ್ಟರಿನ ಬೆಳಕಾಗಿ ಬಿದ್ದಿದೆ, ಗುರುವಾರದ ಚೌಕದೊಳಗೆ ನನ್ನ ಹೆಸರು, ಭವ್ಯ, ಮನೆ ಪ್ರಾರ್ಥನೆ, ಕಂಪ್ಲಿ, ಸಂಜೆ ಆರು — ಇಷ್ಟು ದೊಡ್ಡ ಅಕ್ಷರ ಯಾಕೆ ಬೇಕಿತ್ತು, ಬೀದಿಯಲ್ಲಿ ನಿಂತವರೂ ಓದುವಷ್ಟು. ಲ್ಯಾಪ್‌ಟಾಪಿನ ಹಿಂದೆ ಕಿರಣ್ ಕುಮಾರ್, ಸ್ಟೀಲ್ ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗದವನು, ನೋಡ್ರಿ, ಎರಡು ಆ್ಯಪ್ ಅದಾವು, ಮೊದಲನೇದರಾಗ ಯಾರು ಯಾವತ್ತು ಎಲ್ಲಿರ್ತಾರ ಅಂತ ಎಲ್ಲಾರ ಫೋನಿನ್ಯಾಗೂ ಬರ್ತೈತಿ, ಮ್ಯಾಪ್ ಸೈತ, ಎರಡನೇದರಾಗ ಅವರವರ ಡ್ಯೂಟಿ ಅವರವರಿಗೆ, ಎಲ್ಲಾರದ್ದೂ ಕಾಣೋದು ಪಾಸ್ಟರ್‌ಗೆ ಅಷ್ಟಾ. ಇಂಥದ್ದೊಂದು ಬೇಕು ಎಂದು ಕೇಳಿದವಳು ನಾನೇ, ಹೊಸಪೇಟೆಯ ಸಭೆ, ಸಂಡೂರಿನ ಸಂಡೇ ಸ್ಕೂಲು, ಕಂಪ್ಲಿಯ ಪ್ರಾರ್ಥನೆ ಒಂದರ ಮೇಲೊಂದು ಬೀಳುತ್ತಿದ್ದವಲ್ಲ, ಆದರೆ ನಾನು ಕೇಳಿದ್ದು ಎರಡನೆಯದನ್ನು. ಎರಡು ಸಾಲು ಮುಂದೆ ಮನೋಹರನ ಕತ್ತು, ನನ್ನ ಗಂಡ, ನಾನು ಬಿಟ್ಟು ಬಂದ ಗಂಡ, ಕ್ಷೌರದ ಕತ್ತಿ ಆಡಿಸಿದ ನುಣ್ಣನೆಯ ಕತ್ತು, ಮಧ್ಯದಲ್ಲಿ ಒಂದು ಮೂಳೆ ಎದ್ದು ನಿಂತಿದೆ, ಈ ಕಬ್ಬಿಣದ ಕುರ್ಚಿ ಮಡಚಿ ಎತ್ತಿ ಆ ಮೂಳೆಯ ಮೇಲೆ ಹಾಕಿದರೆ, ಒಂದೇ ಏಟು, ಒಣಸೌದೆ ಮುರಿದ ಹಾಗೆ ಸದ್ದಾಗುತ್ತದೆ — ಕರ್ತನೇ ಕ್ಷಮಿಸು, ಬೇಡ, ಕ್ಷಮಿಸಬೇಡ, ಇನ್ನೊಂದು ಏಟು ಹಾಕಲು ಬಿಡು.

ಅವನೇ ಎದ್ದ. ಪಾಸ್ಟರ್, ಮೊದಲನೇದಾ ಇರಲ್ರಿ, ನಾವೆಲ್ಲಾ ಒಂದಾ ಕುಟುಂಬ, ಒಬ್ಬರಿಗೊಬ್ಬರು ಮುಚ್ಚಿಡಾಕ ಏನೈತಿ — ಎಷ್ಟು ಮೆತ್ತಗಿನ ದನಿ, ಸ್ವಲ್ಪ ಹೊತ್ತಿನ ಮುಂಚೆ ಇದೇ ದನಿಯಲ್ಲಿ ಹಾಡಿದ, ಇದೇ ಬೆರಳುಗಳು ಗಿಟಾರಿನ ತಂತಿಯ ಮೇಲೆ, ಸಂಡೂರಿನ ಗುಡ್ಡದಿಂದ ಅದಿರು ತುಂಬಿದ ಟಿಪ್ಪರ್ ಇಳಿಸುವ ಬೆರಳುಗಳು, ನನ್ನ ಕೂದಲು ಸುತ್ತಿಕೊಂಡ ಬೆರಳುಗಳು. ನಾನು ಅವನ ಮನೆ ಬಿಟ್ಟ ವಾರವೇ, ಕಂಪ್ಲಿಯಲ್ಲಿ ಪ್ರಾರ್ಥನೆಯ ಸಂಜೆ, ದುರ್ಗಕ್ಕನ ಮನೆಯೊಳಗೆ ಹೆಂಗಸರು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ನಾನು ಚೊಂಬು ಹಿಡಿದು ನೀರಿಗೆಂದು ಹೊರಗೆ ಬಂದೆ, ಗದ್ದೆಯ ಕಡೆಯಿಂದ ಕಪ್ಪೆಯ ಸದ್ದು, ನಿಂತಿದ್ದ ಆಟೋ, ಆಟೋದ ಮಗ್ಗುಲಿಂದ ಅವನು, ನಡಿ ಮನೀಗೆ, ಒಲ್ಲೆ ಅಂದೆ, ಕೂದಲು ಹಿಡಿದ, ಆಟೋದ ಕಂಬಿಗೆ ನನ್ನ ಮುಖ, ಮತ್ತೊಮ್ಮೆ ಮುಖ, ಒಳಗೆ ಹಾಡು ಜೋರಾಗುತ್ತಿದೆ, ನಾನು ಕೂಗುತ್ತಿದ್ದೇನೆ, ಅದೂ ಹಾಡಿನೊಳಗೇ ಸೇರಿಹೋಗುತ್ತಿದೆ, ಬಾಯಲ್ಲಿ ಬಿಸಿ ಉಪ್ಪು, ನಾಲಿಗೆಯ ಮೇಲೆ ಹಲ್ಲಿನ ಚೂರು. ಎಲ್ಲಿ ಸಿಗ್ತಿ ಅಂತ ಚರ್ಚಿನ ಬೋರ್ಡಿನ್ಯಾಗ ಬರೆದಾರಲೇ, ಓದಾಕ ಬರಲ್ಲೇನು ನನಗ, ಎಂದು ಕಿವಿಯಲ್ಲಿ ನಕ್ಕು ಹೋದ. ಆಟೋದಿಂದ ಬಿದ್ದೆ ಅಂದೆ ಎಲ್ಲರಿಗೂ, ನಂಬಿದರು, ನಂಬುವುದು ಅವರಿಗೂ ಸುಲಭವಿತ್ತು. ಎರ್ರಮ್ಮ ಚಿಕ್ಕಮ್ಮ ಮಾತ್ರ ನಂಬಲಿಲ್ಲ, ಕುರೆಕುಪ್ಪದ ತನ್ನ ಮನೆಗೆ ಕರೆದುಕೊಂಡು ಹೋದಳು, ಬಿಸಿ ಅನ್ನ ತಿನ್ನಲಾಗದ ಬಾಯಿಗೆ ಗಂಜಿ ಹುಯ್ದಳು, ಬೋರ್ಡಿನ್ಯಾಗಿನ ಹೆಸರು ತೆಗಿಸಿಬಿಡು ಮಗಳೇ, ಪ್ರಾರ್ಥನಿ ಮನ್ಯಾಗಾ ಮಾಡು ಅಂದಳು. ಯಾಕೆ ತೆಗೆಸಲಿ, ಸಂಡೂರಿನ ಮಕ್ಕಳು ನನ್ನ ಬಸ್ಸಿಗೆ ಕಾಯುತ್ತವೆ, ಅವನನ್ನು ಮದುವೆಯಾಗುವ ಮುಂಚಿನಿಂದಲೂ ನಾನು ತಿರುಗಿದ ಊರುಗಳಿವು.

ಪಾಸ್ಟರ್ ಕೇಳುತ್ತಿದ್ದಾರೆ, ಮೊದಲನೇದಕ್ಕ ಯಾರು ಯಾರು ಒಪ್ಪಿದ್ರಿ ಕೈ ಎತ್ತ್ರಿ, ಒಂದು ಕೈ, ಇನ್ನೊಂದು, ಅಯ್ಯೋ ದುರ್ಗಕ್ಕನೂ ಎತ್ತಿದಳು, ನನ್ನ ಕಾಲು ತಾನಾಗಿ ಎದ್ದಿದೆ, ನನ್ನ ದನಿ ಎಲ್ಲಿಂದಲೋ ಬರುತ್ತಿದೆ, ಕಂಪ್ಲಿಯಾಗ ನನ್ನ ಹಲ್ಲು ಮುರಿದದ್ದು ಆಟೋದಿಂದ ಬಿದ್ದಲ್ಲ, ಇವರು ಮುರಿದ್ರು, ಬೋರ್ಡಿನ್ಯಾಗ ನನ್ನ ಹೆಸರು ಓದಿಕೊಂಡು ಬಂದು ಮುರಿದ್ರು, ಇನ್ನ ಫೋನಿನ್ಯಾಗ ದಾರೀನೂ ತೋರಿಸ್ತೀರೇನು? ಭವ್ಯಾ, ಮನಿ ಮಾತು ಇಲ್ಲಿ ಬ್ಯಾಡಮ್ಮ, ಪಾಸ್ಟರ್ ಅಂದರು. ಸುಳ್ಳು ಬೊಗಳ್ತಿಯೇನಲೇ, ಅವನು, ಮೆತ್ತಗಿನ ದನಿ ಎಲ್ಲಿ ಹೋಯಿತು, ಕುರ್ಚಿಗಳು ಉರುಳುತ್ತಿವೆ, ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದ, ಕೈ ಎತ್ತಿದ, ಗೋಡೆಯ ತುಂಬ ಆ ಕೈಯ ನೆರಳು, ತಿಂಗಳೇ ಮುಚ್ಚಿಹೋಯಿತು — ಕಿವಿಯೊಳಗೆ ಸಿಡಿಲು, ನೆಲ ತಣ್ಣಗಿದೆ, ಹೊಟ್ಟೆಗೆ ಬೂಟು, ಮತ್ತೆ ಬೂಟು, ಯಾರೋ ಕಿರುಚುತ್ತಿದ್ದಾರೆ, ಈ ಸಲ ನಾನಲ್ಲ, ದುರ್ಗಕ್ಕ, ಬಾಡ್ಕೋ, ನನ್ನ ಮನಿ ಬಾಗಲಾಗ ಹೊಡದಿಯೇನೋ, ಅವಳ ಕೈಯಲ್ಲಿ ಮಡಚಿದ ಕುರ್ಚಿ, ಅವನ ಮೊಣಕೈ ಮೇಲೆ ಬಿತ್ತು, ನಾನು ಅಂದುಕೊಂಡ ಸದ್ದೇ ಬಂತು, ಅವನು ಮೊಣಕಾಲೂರಿದ, ನನಗೆ ನಗು ಬಂತು, ನಗುವಿನ ಜೊತೆ ರಕ್ತ. ಗಂಡಸರು ಈಗ ಎದ್ದಿದ್ದಾರೆ, ಈಗ, ಅವನನ್ನು ಎಳೆದುಕೊಂಡು ಹೊರಗೆ ಹೋಗುತ್ತಿದ್ದಾರೆ.

ಎರಡನೇದಾ ಹಾಕಪ್ಪಾ ಕಿರಣ್, ಪಾಸ್ಟರ್ ನನ್ನ ಕಡೆ ನೋಡದೆ ಹೇಳಿದರು. ಕಿರಣ್ ಲ್ಯಾಪ್‌ಟಾಪಿನಿಂದ ತಲೆ ಎತ್ತುತ್ತಾನೆ, ಅಕ್ಕಾ, ಗುರುವಾರದ್ದು ನಿಮ್ಮ ಹೆಸರು ತೆಗೀಲೇನ್ರಿ? ಬ್ಯಾಡ, ಇರಲಿ. ದುರ್ಗಕ್ಕ ಸೆರಗಿನಿಂದ ನನ್ನ ಬಾಯಿ ಒರೆಸುತ್ತಿದ್ದಾಳೆ, ಏಳವ್ವಾ, ಪೊಲೀಸ್ ಸ್ಟೇಷನ್ನಿಗೆ ನಡಿ, ನಾ ಕಣ್ಣಾರೆ ಕಂಡೀನಿ, ನಾ ಹೇಳ್ತೀನಿ. ಹೌದು, ಏಳಬೇಕು, ಅವಳ ಹೆಗಲು ಹಿಡಿದು ಏಳುತ್ತೇನೆ, ಬಾಗಿಲು ಅಲ್ಲೇ ಇದೆ, ಪ್ರೊಜೆಕ್ಟರ್ ಆರಿಸಿದ್ದಾರೆ, ಗೋಡೆ ಬರೀ ಸುಣ್ಣ, ಆದರೂ ಅಲ್ಲಿ ಆ ನೆರಳು, ಭಾನುವಾರದಿಂದ ಗುರುವಾರದವರೆಗೆ ದಿನಕ್ಕೊಂದು ಬೆರಳು, ಎತ್ತಿದ್ದು, ಇನ್ನೂ ಇಳಿಯದ್ದು, ಆ ಕೈ, ಗೋಡೆಯ ತುಂಬ ಆ ಕೈ —