ಪಟ್ಟದ ರಾಜನ ಅಪ್ಪಣೆ

ಮೂರು ತಿಂಗಳಿಗೆಂದು ಸ್ವೀಡನ್ನಿಗೆ ಬಂದ ನನ್ನ ಅತ್ತೆ ಜಾನಕಮ್ಮ ಕ್ಯಾಬಿನ್ ಬ್ಯಾಗಿನಲ್ಲಿ ಉಪ್ಪಿನಕಾಯಿ ತರಲಿಲ್ಲ, ಚಟ್ನಿಪುಡಿಯನ್ನೂ ತರಲಿಲ್ಲ. ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿ ಪಟ್ಟದ ರಾಜ-ರಾಣಿಯರನ್ನು ತಂದರು. ಅವರ ಮದುವೆಯಲ್ಲಿ ಮೈಸೂರಿನ ತವರಿನವರು ಕೊಟ್ಟ ಮರದ ಗೊಂಬೆಗಳು. ನಾನು ದಾವಣಗೆರೆಯವಳು, ನಮ್ಮಲ್ಲಿ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ಚಟ್ನಿಪುಡಿಯ ಜಾಗವನ್ನು ಈ ರಾಜ ನುಂಗಿದನಲ್ಲ ಎಂದು ನನಗೆ ಒಳಗೊಳಗೇ ಕೋಪ.

ನವರಾತ್ರಿ ಶುರುವಾದ ದಿನವೇ ಕಾರ್ಲ್‌ಸ್ಕ್ರೂನಾಕ್ಕೆ ಸಮುದ್ರದಿಂದ ಮಂಜು ಬಂತು. ಈ ಊರು ದ್ವೀಪಗಳ ಮೇಲೆ ಕೂತಿದೆ. ಮಂಜು ಬಂದರೆ ಮೊದಲು ಎದುರಿನ ದ್ವೀಪ ಹೋಗುತ್ತದೆ, ಆಮೇಲೆ ಸೇತುವೆ, ಕೊನೆಗೆ ನಮ್ಮ ಕಿಟಕಿಯ ಕೆಳಗಿನ ಸೈಕಲ್ಲುಗಳೂ ಹೋಗುತ್ತವೆ. ಅಂಥ ದಿನಗಳಲ್ಲಿ ಮನೆಯೊಂದೇ ತೇಲುತ್ತಿದೆ ಅನ್ನಿಸುತ್ತದೆ. ಅತ್ತೆ ನನ್ನ ಪುಸ್ತಕದ ಕಪಾಟನ್ನು ಬರಿದು ಮಾಡಿ, ಅಡ್ಡ ಮಲಗಿಸಿ, ಮೇಲೆ ರಟ್ಟಿನ ಡಬ್ಬ ಪೇರಿಸಿ, ಬಿಳಿ ಬೆಡ್‌ಶೀಟ್ ಹೊದಿಸಿ ಮೆಟ್ಟಿಲು ಕಟ್ಟಿದರು. ಮೇಲ್ಗಡೆ ರಾಜ-ರಾಣಿ, ಕೆಳಗೆ ಈ ದೇಶದ ಕೆಂಪು ಮರದ ಕುದುರೆ, ಸೆಕೆಂಡ್ ಹ್ಯಾಂಡ್ ಅಂಗಡಿಯ ಪಿಂಗಾಣಿ ಬಾತುಗಳು. ಗಂಡ ಭಾಸ್ಕರ ಕೆಲಸದ ಮೇಲೆ ಟೋರ್ಸ್‌ಲಾಂಡ ಎಂಬ ಊರಿಗೆ ಹೋಗಿದ್ದ. ಕಪಾಟು ಎಳೆದವಳು ನಾನೇ.

ಎದುರು ಮನೆಯ ಹೇಜಲ್ ಮೊದಲ ದಿನವೇ ಬಂದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಸ್ವೀಡನ್ನಿನ ನಾವಿಕನೊಬ್ಬನನ್ನು ಮದುವೆಯಾಗಿ ಬಂದು, ಇಲ್ಲೇ ಮುದುಕಿಯಾದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಈಚೆಗೆ ಮರೆವು ಹತ್ತಿತ್ತು. ಹಬ್ಬ ಮುಗಿದ ವಾರ ಕಮ್ಯೂನಿನವರು, ಅಂದರೆ ಇಲ್ಲಿನ ನಗರಸಭೆಯವರು, ಅವರನ್ನು ವೃದ್ಧಾಶ್ರಮಕ್ಕೆ ಕರೆದೊಯ್ಯುವವರಿದ್ದರು.

ಹೇಜಲ್ ಬಾಗಿಲಲ್ಲೇ ನಿಂತು ಮೇಲಿನ ಮೆಟ್ಟಿಲನ್ನು ನೋಡಿ, "ಈ ಮಹನೀಯರು ಯಾರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅತ್ತೆ ನನ್ನ ಕಡೆ ತಿರುಗಿ, "ರಾಜರು, ಒಂಬತ್ ದಿನ ನಮ್ಮನೆಗ್ ಬಂದಿದಾರೆ, ಕೂತ್ಕೊಳಿ ಅಂತ ಹೇಳು ಪಾವನಾ," ಎಂದರು. ಹೇಳಿದೆ. ಹೇಜಲ್ ರಾಜನಿಗೆ ತಲೆಬಾಗಿಸಿ ಕೂತರು. ಅತ್ತೆ ಅವರಿಗೆ ಗೊಂಬೆ ಬಾಗಿನವೆಂದು ಬಿಸಿ ಕಡಲೆ ಉಸಲಿ ಕೊಟ್ಟರು.

ಮಾರನೆಯ ದಿನವೂ ಬಂದರು. ಅದೇ ಬಾಗಿಲು, ಅದೇ ಅಚ್ಚರಿ, "ಈ ಮಹನೀಯರು ಯಾರು?" ಅದರ ಮಾರನೆಯ ದಿನವೂ ಅಷ್ಟೇ. ಬರೆಯಬೇಕಾದ ಸಂಶೋಧನಾ ಪ್ರಬಂಧ ಬಿಟ್ಟು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಹೇಳಿ ನನಗೆ ತಲೆ ಕೆಟ್ಟಿತು.

"ಅತ್ತೆ, ನಿನ್ನೇನೂ ಇದೇ ಹೇಳಿದ್ವಲ್ಲ. ನಾನೇನು ಟೇಪ್ ರೆಕಾರ್ಡರ್ರಾ?"

"ಅವ್ರಿಗೆ ನಿನ್ನೆ ಇಲ್ಲ ಕಣೇ. ಹೊಸಬರಿಗೆ ಹೇಳ್ದಂಗೆ ಹೇಳು. ನಿನ್ ಗಂಟೇನ್ ಹೋಗತ್ತೆ?"

ನನ್ನ ಗಂಟು ಹೋಗುತ್ತಿತ್ತು, ಆದರೆ ಅತ್ತೆಗೆ ಎದುರಾಡಿ ಗೆದ್ದವರಿಲ್ಲ.

ಸರಸ್ವತಿ ಪೂಜೆಯ ಮಧ್ಯಾಹ್ನ ಹೇಜಲ್ ಬಂದಾಗ ಆ ಪ್ರಶ್ನೆ ಕೇಳಲಿಲ್ಲ. ಕಣ್ಣು ತಿಳಿಯಾಗಿತ್ತು. ಕೈಯಲ್ಲಿ ಒಂದು ಪುಟ್ಟ ಪೆಟ್ಟಿಗೆ, ರಟ್ಟಿಗೆ ಅಂಟಿಸಿದ ಒಂದು ಫೋಟೊ. ಫೋಟೊದಲ್ಲಿ ಸೈನಿಕನ ಸಮವಸ್ತ್ರದ ಯುವಕ, ಇನ್ನೂ ಮೀಸೆ ಬಲಿಯದ ಮುಖ. ಪೆಟ್ಟಿಗೆಯಲ್ಲಿ ಒಂದು ಕಂಚಿನ ಪದಕ, ನೀಲಿ ಪಟ್ಟಿ, ಹಿಂದೆ ಹೊಚ್ಚ ಹೊಸದಾಗಿಯೇ ಉಳಿದ ಪಿನ್ನು.

"ನನ್ನ ಅಪ್ಪ," ಎಂದರು. "ಯುದ್ಧದಲ್ಲಿ ನಾರ್ವೆಯವರ ಜೊತೆ ಹಿಮದಲ್ಲಿ ನಡೆದಿದ್ದ. ಅದಕ್ಕೆ ಅಲ್ಲಿನ ರಾಜ ಕೊಟ್ಟದ್ದು. ಆದರೆ ಬ್ರಿಟಿಷ್ ಸೈನಿಕ ಪರದೇಶದ ಪದಕವನ್ನು ತನ್ನ ರಾಜನ ಅಪ್ಪಣೆಯಿಲ್ಲದೆ ಎದೆಗೆ ಚುಚ್ಚಿಕೊಳ್ಳುವ ಹಾಗಿಲ್ಲ. ಜೊತೆಯವರಿಗೆಲ್ಲ ಅಪ್ಪಣೆ ಬಂತು. ಅಪ್ಪನದು ಎಲ್ಲಿ ತಪ್ಪಿಹೋಯಿತೋ, ಬರಲೇ ಇಲ್ಲ. ಕೇಳಿ ಬರೆ ಎಂದು ಅಮ್ಮ ಗೋಗರೆದಳು. ಕೇಳಿ ಪಡೆಯುವಂಥದ್ದಲ್ಲ ಅದು ಎಂದ. ಪ್ರತಿ ವರ್ಷ ಸೈನಿಕರ ಸ್ಮರಣೆಯ ದಿನ ಪೆಟ್ಟಿಗೆ ತೆಗೆದು ನೋಡಿ ಮುಚ್ಚಿಡುತ್ತಿದ್ದ. ಹಾಗೇ ಸತ್ತ."

"ಈಗ ನೀವೇ ಫೋಟೊಗೆ ಚುಚ್ಚಬಹುದಲ್ಲ?" ಎಂದೆ. ಪ್ರಬಂಧ ಕಾಯುತ್ತಿತ್ತು.

ಹೇಜಲ್ ನನ್ನನ್ನು ಮಗುವನ್ನು ನೋಡುವಂತೆ ನೋಡಿದರು. "ಅದೇ ನನ್ನ ಭಯ. ನಾನೀಗ ಒಂದೊಂದೇ ಮರೆಯುತ್ತಿದ್ದೇನೆ. ನಾಳೆ ಈ ನಿಯಮವನ್ನೂ ಮರೆಯುತ್ತೇನೆ. ಆಗ ಖುಷಿಯಿಂದ ಚುಚ್ಚಿಬಿಡುತ್ತೇನೆ. ಅಪ್ಪ ಜೀವಮಾನವಿಡೀ ಮಾಡದ್ದನ್ನು ಅವನ ಮಗಳು ಮರೆವಿನಲ್ಲಿ ಮಾಡಿದ ಹಾಗಾಗುತ್ತದೆ. ನನಗೆ ನೆನಪಿರುವಾಗಲೇ ಯಾರಾದರೂ 'ಆಗಲಿ, ಚುಚ್ಚು' ಎನ್ನಬೇಕು."

ಅತ್ತೆಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಂದೆಯೇ, "ರಾಜನ ಅಪ್ಪಣೆ ತಾನೆ? ರಾಜ ಇಲ್ಲೇ ಕೂತಿದಾನಲ್ಲ! ಹೂ ಪ್ರಸಾದ ಕೇಳೋಣ," ಎಂದರು.

"ಅತ್ತೆ! ಹೂ ಪ್ರಸಾದ ದೇವರ ಹತ್ರ ಕೇಳೋದು, ಗೊಂಬೆ ಹತ್ರ ಅಲ್ಲ. ಅದೂ ಮೈಸೂರು ರಾಜ."

"ಇಷ್ಟ್ ದಿನ ದಿನಾ ಆರತಿ ಎತ್ತಿಸ್ಕೊಂಡಿದಾನೆ, ಒಂದ್ ಮಾತು ಹೇಳಕ್ಕಾಗಲ್ವಾ? ಹೇಳು ಅವ್ರಿಗೆ."

ನಾಚಿಕೊಂಡೇ ಹೇಳಿದೆ: ನಮ್ಮಲ್ಲಿ ಸಂದೇಹ ಬಂದರೆ ಮೂರ್ತಿಯ ಎರಡೂ ಭುಜಗಳ ಮೇಲೆ ಹೂ ಇಟ್ಟು ಕಾಯುತ್ತೇವೆ. ಬಲಭುಜದ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡವೆಂದು. ಹೇಜಲ್ ನಗಬಹುದೆಂದುಕೊಂಡಿದ್ದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, "ಯುದ್ಧದಲ್ಲಿ ಈ ರಾಜ ಯಾರ ಕಡೆಗಿದ್ದ?" ಎಂದು ಕೇಳಿದರು.

"ನಿಮ್ಮ ಕಡೆಗೇ. ಮೈಸೂರಿನ ಸೈನಿಕರೂ ಹೋಗಿದ್ದರು."

"ಹಾಗಾದರೆ ಕೇಳಬಹುದು. ಬೇಡ ಎಂದರೆ ಪೆಟ್ಟಿಗೆ ನನ್ನ ಜೊತೆ ಮಣ್ಣಿಗೆ ಹೋಗಲಿ."

ಆಟ ಇಷ್ಟು ದೂರ ಹೋಗಬಾರದಿತ್ತು. ಆದರೆ ಅತ್ತೆ ಆಗಲೇ ಬಾಲ್ಕನಿಯ ಕುಂಡದಿಂದ ಎರಡು ಸೇವಂತಿಗೆ ಕಿತ್ತು, ಒದ್ದೆ ಮಾಡಿ, ರಾಜನ ಭುಜಗಳ ಮೇಲೆ ಕೂರಿಸಿಯಾಗಿತ್ತು. "ಅಪ್ಪಾ ಮಹಾರಾಜ, ಈ ಹೆಣ್ಮಗಳ ತಂದೆ ನಿನ್ನಂಥ ಒಬ್ಬ ರಾಜನ ಮಾತಿಗೆ ಕಾದೂ ಕಾದೂ ಹೋದ. ನೀನಾದ್ರೂ ಹೇಳು," ಎಂದು ಕೈಮುಗಿದರು.

ಕಾದೆವು. ದೀಪ ಅಲುಗಲಿಲ್ಲ. ಕಿಟಕಿಯಾಚೆ ಮಂಜು ಇನ್ನಷ್ಟು ಹತ್ತಿರ ಬಂದು ಗಾಜಿಗೆ ಮುಖ ಒತ್ತಿತು. ಕಾಫಿ ಆರಿತು. ಹೇಜಲ್ ಕುರ್ಚಿಯಲ್ಲೇ ತೂಕಡಿಸಿದರು, ಅತ್ತೆಗೂ ಜೊಂಪು ಹತ್ತಿತು. ಎಚ್ಚರವಿದ್ದವಳು ನಾನೊಬ್ಬಳೇ. ದೂರದಲ್ಲಿ ಹಡಗೊಂದು ಕೂಗಿತು. ಮಂಜಿನೊಳಗೆ ಯಾರೋ ಹಿಮ ತುಳಿದುಕೊಂಡು ಬರುತ್ತಿರುವ ಹಾಗೆ, ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬಾಗಿಲ ಹೊರಗೆ ಟೋಪಿ ತೆಗೆದು ನಿಂತಿರುವ ಹಾಗೆ ನನಗೆ ಅನ್ನಿಸಿತು. ಗದ್ದಲದ ನಡುವಿನಿಂದ ರೇಡಿಯೋ ಸಂಕೇತ ಹೆಕ್ಕುವುದು ನನ್ನ ಸಂಶೋಧನೆ. ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಬಾಗಿಲ ಕಡೆ ಕಿವಿಗೊಟ್ಟು ಕೂತಿದ್ದೆ.

ಎಡಭುಜದ ಹೂ ಜಾರಿತು. ರಾಜನ ಶಲ್ಯದ ಜರಿಯ ಅಂಚಿಗೆ ಸಿಕ್ಕಿಕೊಂಡು ಓಲಾಡಿತು. ಕೈ ಚಾಚಿದರೆ ಸರಿಮಾಡಬಹುದಿತ್ತು, ಯಾರೂ ನೋಡುತ್ತಿರಲಿಲ್ಲ. ಫೋಟೊದ ಹುಡುಗನನ್ನು ನೋಡಿದೆ. ಕೈ ಮಡಿಲಲ್ಲೇ ಉಳಿಯಿತು. ಬೇಡ ಅನ್ನಬೇಡ ಮಾರಾಯ, ಎಂದು ಆ ಮರದ ಗೊಂಬೆಯನ್ನು ನಿಜವಾಗಿಯೂ ಬೇಡಿಕೊಂಡೆ.

ಬಲಗಡೆಯ ಹೂ ಮೆಲ್ಲಗೆ ಉರುಳಿ, ಕೆಂಪು ಕುದುರೆಯ ಬೆನ್ನಿನ ಮೇಲೆ ಬಿತ್ತು.

"ಅತ್ತೆ!" ಎಂದು ಕೂಗಿದೆ. ಇಬ್ಬರೂ ಎಚ್ಚೆತ್ತರು. ಅತ್ತೆ ಹೂ ನೋಡಿ, ನನ್ನನ್ನು ನೋಡಿ, "ನೀನ್ ಊದಿಲ್ಲ ತಾನೆ?" ಎಂದರು.

"ನಿಮ್ಮಾಣೆ ಇಲ್ಲ ಅತ್ತೆ."

ಹೇಜಲ್ ಕಣ್ಣುಜ್ಜಿಕೊಂಡು ಸುತ್ತ ನೋಡಿದರು. ಕಣ್ಣಿನ ತಿಳಿ ಹೋಗಿತ್ತು. ಮೇಲಿನ ಮೆಟ್ಟಿಲನ್ನು ನೋಡಿ ಅಚ್ಚರಿಯಿಂದ, "ಈ ಮಹನೀಯರು ಯಾರು?" ಎಂದರು.

ನನಗೆ ಅಳು ಬಂತು. ಅಷ್ಟು ಹೊತ್ತು ಕಾದದ್ದು, ಆ ಭಯ, ಆ ನಿಯಮ, ಎಲ್ಲವನ್ನೂ ಒಂದು ಜೊಂಪು ಒಯ್ದಿತ್ತು. ಅತ್ತೆ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಹೊಸಬರಿಗೆ ಹೇಳ್ದಂಗೆ," ಎಂದರು.

ಅವರ ಮುಂದೆ ನೆಲದ ಮೇಲೆ ಕೂತೆ. "ಇವರು ರಾಜರು. ನಿಮ್ಮ ತಂದೆ ಈ ಪದಕ ತೊಡಲು ರಾಜನ ಅಪ್ಪಣೆಗೆ ಕಾದಿದ್ದರು. ಈಗ ಆಯಿತು. ನಾನು ಕಣ್ಣಾರೆ ನೋಡಿದೆ."

ಹೇಜಲ್ ಫೋಟೊವನ್ನು ತುಂಬ ಹೊತ್ತು ನೋಡಿದರು. "ಅಪ್ಪನಿಗೆ ಎಷ್ಟು ಸಂತೋಷವಾಗುತ್ತದೆ," ಎಂದರು. ಪಿನ್ನು ಬಿಚ್ಚಿ, ಹುಡುಗನ ಎಡ ಎದೆಗೆ ರಟ್ಟಿನ ಸಮೇತ ಚುಚ್ಚಿದರು.

ವಿಜಯದಶಮಿಯ ಸಂಜೆ ಅತ್ತೆ ರಾಜ-ರಾಣಿಯರನ್ನು ಪದ್ಧತಿಯಂತೆ ಮಲಗಿಸಿದರು. ಆ ವಾರ ಹೇಜಲ್ ವೃದ್ಧಾಶ್ರಮಕ್ಕೆ ಹೊರಟುಹೋದರು, ಡಿಸೆಂಬರಿನಲ್ಲಿ ಅತ್ತೆಯೂ ಊರಿಗೆ.

ಈಗ ಪ್ರತಿ ಭಾನುವಾರ ನಾನು ವೃದ್ಧಾಶ್ರಮಕ್ಕೆ ಹೋಗುತ್ತೇನೆ. ಹೇಜಲ್‌ಗೆ ನನ್ನ ಹೆಸರು ನೆನಪಿಲ್ಲ. ಆ ನಿಯಮ ಮಾತ್ರ, ಹೋಯಿತು ಎಂದುಕೊಂಡಿದ್ದು, ಎಲ್ಲಿಂದಲೋ ತಿರುಗಿ ಬಂದಿದೆ. ಗೋಡೆಯ ಫೋಟೊ ತೋರಿಸಿ ದನಿ ತಗ್ಗಿಸಿ ಕೇಳುತ್ತಾರೆ: "ಅಪ್ಪ ಅದನ್ನು ಹಾಕಿಕೊಂಡಿದ್ದಾನಲ್ಲ, ಅಪ್ಪಣೆ ಬಂತೇ?"

"ಬಂತು," ಎನ್ನುತ್ತೇನೆ. "ಈಗಷ್ಟೇ ಬಂತು."

ಅವರ ಮುಖ ಅರಳುತ್ತದೆ. ಮುಂದಿನ ಭಾನುವಾರ ಮತ್ತೆ ಕೇಳುತ್ತಾರೆ, ನಾನು ಮತ್ತೆ ಹೇಳುತ್ತೇನೆ.